ಸಲಿಂಗಿ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಕಿರುಕುಳ: ಯಾವ ಸಮಿತಿಗೆ ಹೋಗಬೇಕು, ದೂರಿನಲ್ಲಿ ಏನು ಬರೆಯಬೇಕು

2016ರ ಜೂನ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ರ‍್ಯಾಗಿಂಗ್ ತಡೆ ನಿಯಮಕ್ಕೆ ಒಂದು ತಿದ್ದುಪಡಿ ತಂದಿತು. ಬಣ್ಣ, ಧರ್ಮ, ಜಾತಿ, ಲಿಂಗ, ಲೈಂಗಿಕ ಒಲವು, ರೂಪ, ಭಾಷೆ, ಹುಟ್ಟೂರು, ಆರ್ಥಿಕ ಸ್ಥಿತಿ, ಇಂಥ ಯಾವುದೇ ಕಾರಣಕ್ಕೆ ಇನ್ನೊಬ್ಬ ವಿದ್ಯಾರ್ಥಿಗೆ ದೈಹಿಕವಾಗಿ ಅಥವಾ ಮಾನಸಿಕವಾಗಿ ಹಿಂಸೆ ಕೊಟ್ಟರೆ, ಪೀಡಿಸಿದರೆ, ಗುಂಪಿನಿಂದ ಹೊರಗಿಟ್ಟರೆ ಅದು ರ‍್ಯಾಗಿಂಗ್ ಎಂದು 2009ರ ನಿಯಮದ ವ್ಯಾಖ್ಯೆಗೇ ಸೇರಿಸಲಾಯಿತು. ಹೊಸದಾಗಿ ಸೇರಿದವರಿಗೆ ಮಾತ್ರವಲ್ಲ, ಕೊನೆಯ ವರ್ಷದವರಿಗೂ ಅನ್ವಯ. ವಯಸ್ಕರು ಸಮ್ಮತಿಯಿಂದ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಎರಡು ವರ್ಷ ಮೊದಲೇ, ಅಂಥ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್ ಪೂರ್ತಿ ಜಾರಿಯಲ್ಲಿದ್ದಾಗಲೇ, ಕಾಲೇಜಿನೊಳಗೆ ಈ ರಕ್ಷಣೆ ಬಂದಿತ್ತು.

ಆದರೂ ನಮ್ಮ ಕಾಲೇಜುಗಳಲ್ಲಿ ಈ ನಿಯಮದಡಿ ದೂರು ಕೊಡುವವರು ತೀರಾ ಕಡಿಮೆ. ನಿಯಮ ಗೊತ್ತಿಲ್ಲದಿರುವುದು ಅರ್ಧ ಕಾರಣ. ಇನ್ನರ್ಧ, ದೂರು ಕೊಟ್ಟರೆ ಮನೆಗೆ ಗೊತ್ತಾಗುತ್ತದೆ ಎಂಬ ಭಯ. ಈ ಭಯಕ್ಕೆ ಆಧಾರವಿದೆ. ಹಾಗಾಗಿ ಗುಟ್ಟು ಬಿಟ್ಟುಕೊಡದೆ ದೂರು ಕೊಡುವುದು ಹೇಗೆ ಎನ್ನುವುದೇ ಈ ಲೇಖನದ ಮುಖ್ಯ ವಿಷಯ.

ಕಿರುಕುಳದ ರೂಪ ಹುಡುಗರಿಗೂ ಹುಡುಗಿಯರಿಗೂ ಒಂದೇ ಥರ ಇರುವುದಿಲ್ಲ. ಹುಡುಗರ ಹಾಸ್ಟೆಲಿನಲ್ಲಿ ಅದು ಎಲ್ಲರ ಎದುರೇ ನಡೆಯುತ್ತದೆ. ನಡಿಗೆಯನ್ನು, ದನಿಯನ್ನು ಅಣಕಿಸುತ್ತಾರೆ. ‘ಒಂಬತ್ತು’, ‘ಚಕ್ಕಾ’ ಎಂದು ಕರೆಯುತ್ತಾರೆ. ಮೆಸ್‌ನಲ್ಲಿ ಪಕ್ಕದ ಕುರ್ಚಿಯಿಂದ ಎದ್ದು ಹೋಗುತ್ತಾರೆ, ಬಾತ್‌ರೂಮಿನ ಬಾಗಿಲು ಬಡಿಯುತ್ತಾರೆ, ರಾತ್ರಿ ರೂಮಿಗೆ ನುಗ್ಗಿ ಫೋನ್ ಕಿತ್ತುಕೊಂಡು ಚಾಟ್ ತೆಗೆದು ನೋಡುತ್ತಾರೆ. ಹುಡುಗಿಯರ ಹಾಸ್ಟೆಲಿನಲ್ಲಿ ಅಷ್ಟು ಗದ್ದಲ ಇರುವುದಿಲ್ಲ, ಹಿಡಿತ ಮಾತ್ರ ಇನ್ನೂ ಬಿಗಿ. ಇಬ್ಬರು ಹುಡುಗಿಯರು ಸದಾ ಜೊತೆಗಿರುತ್ತಾರೆ ಎಂದು ಯಾರೋ ವಾರ್ಡನ್ ಕಿವಿಗೆ ಹಾಕುತ್ತಾರೆ. ವಾರ್ಡನ್ ಒಬ್ಬಳ ರೂಮ್ ಬದಲಿಸುತ್ತಾರೆ, ಇನ್ನೊಬ್ಬಳನ್ನು ಕರೆದು ‘ನಿಮ್ಮಪ್ಪನಿಗೆ ಫೋನ್ ಮಾಡಲಾ?’ ಎಂದು ಕೇಳುತ್ತಾರೆ. ಎಷ್ಟೋ ಸಲ ಕೇಳದೆಯೇ ಮಾಡಿಬಿಡುತ್ತಾರೆ. ಆ ಒಂದು ಕರೆಯಿಂದ ಓದು ನಿಂತು, ಮೂರು ತಿಂಗಳಲ್ಲಿ ಮದುವೆ ನಿಶ್ಚಯವಾಗುವುದೂ ಉಂಟು.

ಅಧ್ಯಾಪಕರ ಕಡೆಯಿಂದ ಬರುವುದು ಬೇರೆ ಬಗೆಯದು. ಪಾಠದ ನಡುವೆ ತಮಾಷೆ ಮಾಡುವುದು, ವೈವಾದಲ್ಲಿ ‘ಮೊದಲು ಗಂಡಸಿನ ಹಾಗೆ ಮಾತಾಡು’ ಎನ್ನುವುದು, ಇಂಟರ್ನಲ್ ಅಂಕ ಕಡಿಮೆ ಮಾಡುವುದು. ಪಿಎಚ್‌ಡಿ ವಿದ್ಯಾರ್ಥಿಯ ಪಾಡು ಎಲ್ಲಕ್ಕಿಂತ ಕಷ್ಟ. ಗೈಡ್ ಒಬ್ಬರೇ ಇರುತ್ತಾರೆ, ಫೆಲೋಶಿಪ್ ಅರ್ಜಿಗೆ ಬೇಕಾದ ಸಹಿ ಅವರದೇ ಕೈಯಲ್ಲಿರುತ್ತದೆ.

ಖಾಸಗಿತನ ಮುರಿದರೆ ಏನಾಗಬಹುದು ಎನ್ನುವುದಕ್ಕೆ ನಮ್ಮ ದೇಶದ್ದೇ ನಿದರ್ಶನ ಅಲಿಗಢದ್ದು. ರಾಮಚಂದ್ರ ಸಿರಸ್ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದವರು. 2010ರ ಫೆಬ್ರವರಿಯಲ್ಲಿ ಕೆಲವರು ಕ್ಯಾಮೆರಾ ಹಿಡಿದು ಅವರ ಕ್ವಾರ್ಟರ್ಸ್‌ಗೆ ನುಗ್ಗಿ, ಅವರು ಇನ್ನೊಬ್ಬ ಪುರುಷನೊಂದಿಗೆ ಇದ್ದದ್ದನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯ ನುಗ್ಗಿದವರನ್ನು ಬಿಟ್ಟು ಸಿರಸ್ ಅವರನ್ನೇ ಅಮಾನತು ಮಾಡಿತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ಅದೇ ತಿಂಗಳು 7ರಂದು ಅವರು ತಮ್ಮ ಮನೆಯಲ್ಲಿ ಶವವಾಗಿ ಪತ್ತೆಯಾದರು. ಆಗ ಅವರ ಪರವಾಗಿ ವಾದಿಸಲು ಇದ್ದ ಕಾನೂನು ಬಲ ಸಣ್ಣದು. 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು, ಲೈಂಗಿಕ ಒಲವು ಅದರ ತಿರುಳಿಗೇ ಸೇರಿದ್ದು ಎಂದೂ ಹೇಳಿತು. ಆ ಪ್ರಕರಣದ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 18 ತುಂಬಿದ ವಿದ್ಯಾರ್ಥಿಯ ಇಂಥ ವಿಷಯವನ್ನು ಒಪ್ಪಿಗೆಯಿಲ್ಲದೆ ಮನೆಗೆ ತಿಳಿಸುವ ವಾರ್ಡನ್ ಮುರಿಯುತ್ತಿರುವುದು ಈ ಹಕ್ಕನ್ನೇ.

ಇನ್ನು ದೂರಿನ ವಿಚಾರ. ಕಾಲೇಜಿನೊಳಗೆ ಮೂರು ಸಮಿತಿಗಳಿರುತ್ತವೆ. ತಪ್ಪು ಸಮಿತಿಗೆ ಹೋದ ದೂರು ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದೇ ಸಾಲಿಗೆ ಮುಗಿದುಹೋಗುತ್ತದೆ.

ಕಿರುಕುಳ ಕೊಟ್ಟವರು ವಿದ್ಯಾರ್ಥಿಗಳಾದರೆ ಮೊದಲ ಆಯ್ಕೆ ರ‍್ಯಾಗಿಂಗ್ ವಿರೋಧಿ ಸಮಿತಿ. ಈ ಮೂರರಲ್ಲಿ ಲೈಂಗಿಕ ಒಲವನ್ನು ಹೆಸರಿಸಿಯೇ ರಕ್ಷಣೆ ಕೊಡುವುದು ಇದರ ನಿಯಮ. ಬೇಗ ಕೆಲಸ ಮಾಡಬೇಕಾದ್ದೂ ಇದೇ. ಕ್ರಿಮಿನಲ್ ಅಪರಾಧ ಕಂಡುಬಂದರೆ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಎಫ್‌ಐಆರ್ ದಾಖಲಿಸಬೇಕು. ತರಗತಿಯಿಂದ ಅಮಾನತು, ವಿದ್ಯಾರ್ಥಿವೇತನ ತಡೆ, ಪರೀಕ್ಷೆಗೆ ಕೂರದಂತೆ ಮಾಡುವುದು, ಹಾಸ್ಟೆಲಿನಿಂದ ಹೊರಹಾಕುವುದು, ಒಂದರಿಂದ ನಾಲ್ಕು ಸೆಮಿಸ್ಟರ್ ಡಿಬಾರ್, ಪ್ರವೇಶವನ್ನೇ ರದ್ದು ಮಾಡುವುದು, ಇಷ್ಟೂ ಶಿಕ್ಷೆಗೆ ನಿಯಮದಲ್ಲಿ ಅವಕಾಶವಿದೆ. ತಪ್ಪಿತಸ್ಥರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ಅವಕಾಶವಿದೆ. ಇದರ ಬಗ್ಗೆ ಎಚ್ಚರ ಬೇಕು. ಇಡೀ ಬ್ಲಾಕ್‌ಗೆ ಶಿಕ್ಷೆಯಾದರೆ ದೂರು ಕೊಟ್ಟವರು ಯಾರು ಎಂಬ ಹುಡುಕಾಟ ಅವತ್ತೇ ಶುರುವಾಗುತ್ತದೆ. ಆದ್ದರಿಂದ ಗೊತ್ತಿರುವ ಹೆಸರುಗಳನ್ನು ದೂರಿನಲ್ಲಿ ಬರೆಯುವುದೇ ಹೆಚ್ಚು ಸುರಕ್ಷಿತ.

ಕಾಲೇಜಿನವರನ್ನು ನಂಬಲಾಗದಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-180-5522 ಹಗಲೂ ರಾತ್ರಿ ತೆರೆದಿರುತ್ತದೆ. ಇಲ್ಲೊಂದು ವಿಷಯ ತಿಳಿದಿರಬೇಕು. ಸಹಾಯವಾಣಿಗೆ ಬಂದ ದೂರು ಅದೇ ಹೊತ್ತಿಗೆ ಸಂಸ್ಥೆಯ ಮುಖ್ಯಸ್ಥರಿಗೂ ಹಾಸ್ಟೆಲ್ ವಾರ್ಡನ್‌ಗೂ ಹೋಗುತ್ತದೆ. ವಾರ್ಡನ್ ಕೂಡ ಕಿರುಕುಳದ ಭಾಗವಾಗಿದ್ದರೆ ಕರೆಯ ಮೊದಲ ನಿಮಿಷದಲ್ಲೇ ಅದನ್ನು ಹೇಳಿ, ಹೆಸರು ಗೋಪ್ಯವಾಗಿಡಿ ಎಂದೂ ಹೇಳಿ. ದೂರಿನ ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ. ಆ ಸಂಖ್ಯೆ ಇಲ್ಲದಿದ್ದರೆ ಮುಂದೆ ಏನಾಯಿತೆಂದು ಕೇಳಲು ದಾರಿಯಿಲ್ಲ.

ಕಿರುಕುಳ ಲೈಂಗಿಕ ಸ್ವರೂಪದ್ದಾದರೆ, ಎಂದರೆ ಮುಟ್ಟಿದ್ದು, ಬಟ್ಟೆ ಎಳೆದದ್ದು, ಅಶ್ಲೀಲ ಮಾತಾಡಿದ್ದು, ‘ನನ್ನ ಜೊತೆ ಬಾ, ಇಲ್ಲಾಂದ್ರೆ ಎಲ್ಲರಿಗೂ ಹೇಳ್ತೀನಿ’ ಎಂದದ್ದು, ಆಗ ಆಂತರಿಕ ದೂರು ಸಮಿತಿ, ಅಂದರೆ ಐಸಿಸಿ. ಇದಕ್ಕೆ ಆಧಾರ ಯುಜಿಸಿಯ 2015ರ ನಿಯಮಗಳು. ದೂರು ಕೊಟ್ಟವರು ಅಥವಾ ಆರೋಪಿ ಅಧ್ಯಾಪಕರಾಗಲಿ, ಸಿಬ್ಬಂದಿಯಾಗಲಿ, ವಿದ್ಯಾರ್ಥಿಯಾಗಲಿ ನಡೆಯುತ್ತದೆ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದೂರಿನ ಪ್ರತಿ ಏಳು ದಿನದೊಳಗೆ ಆರೋಪಿಗೆ ತಲುಪಬೇಕು, ಅವರ ಉತ್ತರಕ್ಕೆ ಹತ್ತು ದಿನ, ವಿಚಾರಣೆ ಮುಗಿಯಲು 90 ದಿನ. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರಾಗಿರಬೇಕು. ಹೊರಗಿನ ಸದಸ್ಯರೊಬ್ಬರು ಇರಬೇಕು. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಕುಲಪತಿ, ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ಪ್ರಿನ್ಸಿಪಾಲರೇ ಕುರ್ಚಿ ಎಳೆದುಕೊಂಡು ವಿಚಾರಣೆಗೆ ಕೂತರೆ ಆ ಆಕ್ಷೇಪಣೆಯನ್ನು ಅವತ್ತೇ ಬರವಣಿಗೆಯಲ್ಲಿ ಕೊಡಿ. ಆಮೇಲೆ ಮೇಲ್ಮನವಿಗೆ ಅದು ಬಲ ಕೊಡುತ್ತದೆ.

ಹುಡುಗನೊಬ್ಬ ಐಸಿಸಿಗೆ ಹೋದರೆ ‘ಇದು ಹೆಣ್ಣುಮಕ್ಕಳಿಗೆ ಮಾತ್ರ’ ಎಂದು ವಾಪಸು ಕಳಿಸುವುದು ಸಾಮಾನ್ಯ. ನಿಯಮದ ಶೀರ್ಷಿಕೆಯಲ್ಲಿ ಮಹಿಳೆಯರು ಎಂದಿರುವುದು ನಿಜ. ಅದರ 3(1)(ಡಿ) ಕಲಮು ಮಾತ್ರ ಎಲ್ಲ ಲಿಂಗದ ವಿದ್ಯಾರ್ಥಿಗಳ ಮೇಲಿನ ಹಿಂಸೆಯ ವಿರುದ್ಧ ಸಂಸ್ಥೆ ಗಟ್ಟಿ ಕ್ರಮ ತೆಗೆದುಕೊಳ್ಳಬೇಕು ಎನ್ನುತ್ತದೆ, ಗಂಡು ವಿದ್ಯಾರ್ಥಿಗಳನ್ನೂ ತೃತೀಯ ಲಿಂಗಿ ವಿದ್ಯಾರ್ಥಿಗಳನ್ನೂ ಹೆಸರಿಸುತ್ತದೆ. ದೂರಿನ ಮೊದಲ ಪುಟದಲ್ಲೇ ಈ ಕಲಮಿನ ಸಂಖ್ಯೆ ಬರೆಯಿರಿ. ಆದರೂ ತಿರಸ್ಕರಿಸಿದರೆ ಆ ಮಾತನ್ನು ಇಮೇಲ್‌ನಲ್ಲಿ ಕೊಡಿ ಎಂದು ಕೇಳಿ, ಅದೇ ದೂರನ್ನು ರ‍್ಯಾಗಿಂಗ್ ಸಮಿತಿಗೂ ಕಳಿಸಿ. ಹುಡುಗಿಗೆ ಇನ್ನೊಬ್ಬ ಹುಡುಗಿಯಿಂದಲೋ ಅಧ್ಯಾಪಕಿಯಿಂದಲೋ ಕಿರುಕುಳವಾದರೆ ಗೊಂದಲ ಕಡಿಮೆ. ಆರೋಪಿ ಅದೇ ಲಿಂಗದವರಾದರೂ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ದೂರು ನಿಲ್ಲುತ್ತದೆ ಎಂದು ಕಲ್ಕತ್ತಾ ಹೈಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿದೆ. ಆ ಪ್ರಕರಣ ಎದ್ದದ್ದೂ ಕಾಲೇಜಿನ ಐಸಿಸಿಯಿಂದಲೇ.

ಇದೇ ನಿಯಮ ಸಲಿಂಗಿ ವಿದ್ಯಾರ್ಥಿಯ ವಿರುದ್ಧ ತಿರುಗುವುದೂ ಇದೆ. ‘ಅವನು ಗೇ, ಅವನ ಜೊತೆ ರೂಮ್‌ನಲ್ಲಿರಲು ಭಯ’ ಎಂದು ರೂಮ್‌ಮೇಟ್ ಐಸಿಸಿಗೆ ಬರೆಯುತ್ತಾನೆ. ಐಸಿಸಿ ವಿಚಾರಿಸಬೇಕಾದ್ದು ಒಬ್ಬರು ಏನು ಮಾಡಿದರು ಎಂಬುದನ್ನು. ಯಾವ ವರ್ತನೆಯನ್ನೂ ಹೇಳದ ಇಂಥ ದೂರನ್ನು ಸಮಿತಿ ಸ್ವೀಕರಿಸಲೇಬಾರದು. ನೋಟಿಸ್ ಬಂದರೆ ‘ಆರೋಪಿತ ವರ್ತನೆ ಯಾವುದು, ಯಾವ ದಿನ, ಎಲ್ಲಿ’ ಎಂದು ಬರವಣಿಗೆಯಲ್ಲೇ ಕೇಳಿ. ಉತ್ತರ ಬರುವ ತನಕ ವೈಯಕ್ತಿಕ ಬದುಕಿನ ಯಾವ ಪ್ರಶ್ನೆಗೂ ಉತ್ತರಿಸಬೇಕಿಲ್ಲ.

ಮೂರನೆಯದು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ಅಂಕ, ಮೌಲ್ಯಮಾಪನದ ಪಕ್ಷಪಾತ, ದಾಖಲೆ ತಡೆಹಿಡಿಯುವುದು ಇದರ ವ್ಯಾಪ್ತಿಗೆ ಬರುತ್ತವೆ. ಯುಜಿಸಿಯ 2023ರ ನಿಯಮದ ಪ್ರಕಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನದೊಳಗೆ, ಇಂಥ ಮೇಲ್ಮನವಿ ಕೇಳಲೆಂದೇ ಇರುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಈ ನಿಯಮ ತಾರತಮ್ಯದ ಬಗ್ಗೆ ಹೇಳುವಾಗ ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು, ಅಲ್ಪಸಂಖ್ಯಾತರು, ಅಂಗವಿಕಲರನ್ನು ಹೆಸರಿಸಿದೆ, ಲೈಂಗಿಕ ಒಲವನ್ನು ಬಿಟ್ಟಿದೆ. ಆ ಕೊರತೆ ತುಂಬಲೇಬೇಕು. ಅಲ್ಲಿಯವರೆಗೆ ದೂರನ್ನು ‘ಅನ್ಯಾಯದ ಮೌಲ್ಯಮಾಪನ’ ಎಂಬ ಹೆಸರಿನಲ್ಲೇ ಕೊಡುವುದು ಜಾಣತನ. ಉತ್ತರ ಪತ್ರಿಕೆಯ ಪ್ರತಿ, ಅದೇ ತರಗತಿಯಲ್ಲಿ ಅದೇ ಪ್ರಶ್ನೆಗೆ ಇತರರಿಗೆ ಸಿಕ್ಕ ಅಂಕ, ಈ ಎರಡಿದ್ದರೆ ಸಾಕು. ಅಧ್ಯಾಪಕರ ಮನಸ್ಸಿನಲ್ಲಿ ಏನಿತ್ತು ಎಂದು ತೋರಿಸುವ ಕಷ್ಟ ತಪ್ಪುತ್ತದೆ.

ದೂರು ಬರೆಯುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ‘ನಾನು ಸಲಿಂಗಿ, ಆದ್ದರಿಂದ ನನಗೆ ಹೀಗಾಯಿತು’ ಎಂದು ಶುರು ಮಾಡುತ್ತಾರೆ. ಹಾಗೆ ಬರೆದ ಕೂಡಲೇ ಸಮಿತಿಯ ಗಮನವೆಲ್ಲ ಬರೆದವರ ಮೇಲೆ ತಿರುಗುತ್ತದೆ, ಹೊಡೆದವರು ಮರೆತುಹೋಗುತ್ತಾರೆ. ದೂರುದಾರರು ತಾವು ಯಾರೆಂದು ಸಾಬೀತು ಮಾಡಬೇಕು ಎಂದು ರ‍್ಯಾಗಿಂಗ್ ನಿಯಮದಲ್ಲಿ ಎಲ್ಲೂ ಇಲ್ಲ. ಹಿಂಸೆಗೆ ಕಾರಣ ಏನಿತ್ತು ಎಂಬುದಷ್ಟೇ ಪ್ರಶ್ನೆ, ಮತ್ತು ಆ ಕಾರಣ ಬೈದವರ ಬಾಯಿಂದಲೇ ಬಂದಿರುತ್ತದೆ. ಹಾಗಾಗಿ ದೂರು ಹೀಗಿರಲಿ:

‘ಈ ತಿಂಗಳು 12ರ ರಾತ್ರಿ ಸುಮಾರು 10.30ಕ್ಕೆ, ಹಾಸ್ಟೆಲಿನ ಎರಡನೇ ಮಹಡಿಯ ಬಾತ್‌ರೂಮ್ ಎದುರು, ಕೆಳಗೆ ಹೆಸರಿಸಿದ ಮೂವರು ನನ್ನನ್ನು ಅಡ್ಡಗಟ್ಟಿ “ಒಂಬತ್ತು” ಎಂದು ಪದೇ ಪದೇ ಕೂಗಿದರು. ಒಬ್ಬರು ನನ್ನ ಟವೆಲ್ ಎಳೆದರು, ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡಿದರು. 11 ಗಂಟೆ ಹೊತ್ತಿಗೆ ಆ ವಿಡಿಯೊ ನಮ್ಮ ಬ್ಲಾಕ್‌ನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ನನ್ನ ಲೈಂಗಿಕ ಒಲವಿನ ಬಗ್ಗೆ ಅವರು ಮಾಡಿಕೊಂಡ ಊಹೆಯಿಂದ ಈ ಕಿರುಕುಳ ನಡೆದಿದೆ. ಇದು 2009ರ ಯುಜಿಸಿ ನಿಯಮ ಮತ್ತು 2016ರ ತಿದ್ದುಪಡಿಯಂತೆ ರ‍್ಯಾಗಿಂಗ್. ನಾನು ವಯಸ್ಕ. ಈ ವಿಷಯದಲ್ಲಿ ಸಂಪರ್ಕವೆಲ್ಲ ನನ್ನೊಂದಿಗೇ ಇರಲಿ, ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಪೋಷಕರನ್ನು ಸಂಪರ್ಕಿಸಬಾರದು ಎಂದು ಕೋರುತ್ತೇನೆ.’

‘ಅವರು ಮಾಡಿಕೊಂಡ ಊಹೆ’ ಎಂದು ಬರೆದಾಗ ಒಪ್ಪಿಕೊಂಡಂತೆಯೂ ಆಗುವುದಿಲ್ಲ, ಅಲ್ಲಗಳೆದಂತೆಯೂ ಆಗುವುದಿಲ್ಲ. ‘ನೀನು ನಿಜವಾಗಿಯೂ ಹಾಗೇನಾ?’ ಎಂದು ಸಮಿತಿ ಕೇಳಿದರೆ ‘ಆ ಪ್ರಶ್ನೆಗೂ ಈ ದೂರಿಗೂ ಸಂಬಂಧವಿಲ್ಲ’ ಎಂದು ಹೇಳುವ ಹಕ್ಕಿದೆ. ಕೊನೆಯ ಸಾಲನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. 18 ತುಂಬದವರ ವಿಷಯ ಬೇರೆ. ಮೊದಲ ವರ್ಷದ ಎಷ್ಟೋ ವಿದ್ಯಾರ್ಥಿಗಳಿಗೆ 17 ಇರುತ್ತದೆ. ಅಲ್ಲಿ ಪೋಷಕರನ್ನು ಪೂರ್ತಿ ಹೊರಗಿಡುವುದು ಕಷ್ಟ. ಆದರೆ ಲೈಂಗಿಕ ಹಿಂಸೆಯಾಗಿದ್ದರೆ ಹುಡುಗ, ಹುಡುಗಿ ಎಂಬ ಭೇದವಿಲ್ಲದೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ.

ದೂರನ್ನು ಕೈಗೆ ಕೊಟ್ಟು ಬರುವುದಾದರೆ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಕಚೇರಿಯ ಸೀಲು, ತಾರೀಖು, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ‘ಸಾಹೇಬ್ರು ಬಂದ ಮೇಲೆ ಹಾಕ್ತೀವಿ’ ಎಂದರೆ ಅಲ್ಲಿಂದಲೇ ಇಮೇಲ್ ಕಳಿಸಿ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸರ್ಕಾರಿ ಕಾಲೇಜು ಹೇಳದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು.

ಸಾಕ್ಷ್ಯ ಕೈತಪ್ಪುವುದು ಬಹುತೇಕ ಮೊದಲ ಎರಡು ದಿನಗಳಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದವರು ಎರಡು ದಿನ ದಾಟುವವರೆಗೂ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸಬಹುದು. ಬೇಸರದಿಂದ ಗ್ರೂಪ್ ಬಿಟ್ಟು ಬಂದು ಚಾಟ್ ಡಿಲೀಟ್ ಮಾಡುವವರೇ ಹೆಚ್ಚು. ಅದಕ್ಕೆ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ ನಂಬಿಕೆಯ ಒಬ್ಬರ ಇಮೇಲ್‌ಗೆ ಹಾಕಿ. ಸ್ಕ್ರೀನ್‌ಶಾಟ್‌ನಲ್ಲಿ ನೀವು ಸೇವ್ ಮಾಡಿಕೊಂಡ ಹೆಸರಷ್ಟೇ ಕಂಡರೆ ಅದು ಯಾರದೆಂದು ಸಾಬೀತಾಗುವುದಿಲ್ಲ. ಹೆಸರಿನ ಮೇಲೆ ಒತ್ತಿ, ಫೋನ್ ನಂಬರ್ ಕಾಣುವ ಪುಟದ ಚಿತ್ರವನ್ನೂ ತೆಗೆಯಿರಿ. ಒಂದೇ ಸಲ ನೋಡುವಂತೆ ಕಳಿಸಿದ ಫೋಟೊಗೆ ಸ್ಕ್ರೀನ್‌ಶಾಟ್ ಬರುವುದಿಲ್ಲ, ಇನ್ನೊಂದು ಫೋನಿನಿಂದ ಪರದೆಯ ಚಿತ್ರ ತೆಗೆಯಬೇಕು. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಮೂಲ ಸಂದೇಶ ಬಂದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಪೊಲೀಸರ ಬಳಿ ಹೋಗುವುದು ಯಾವಾಗ? ಹೊಡೆತ, ಕೂಡಿಹಾಕುವುದು, ಬೆದರಿಕೆ, ಹಣ ಕೇಳುವುದು ಇದ್ದಾಗ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಾಯ ಮಾಡುವುದು ಸೆಕ್ಷನ್ 115, ಅಕ್ರಮ ಬಂಧನ 127, ಸುಲಿಗೆ 308, ಬೆದರಿಕೆ 351. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡು, ಕರೆಸಿ, ಚಿತ್ರ ತೆಗೆದು ‘ಕಾಲೇಜಿಗೆ ಕಳಿಸ್ತೀವಿ’ ಎಂದು ಹಣ ಕೀಳುವ ಗುಂಪುಗಳು ದೊಡ್ಡ ಊರುಗಳಲ್ಲಿವೆ. ಅದು ಸುಲಿಗೆ. ಒಮ್ಮೆ ಹಣ ಕೊಟ್ಟರೆ ಅಲ್ಲಿಗೆ ನಿಲ್ಲುವುದಿಲ್ಲ, ಕೊಡುವ ಆಸಾಮಿ ಎಂದು ಗೊತ್ತಾಗಿ ಮತ್ತೆ ಮತ್ತೆ ಕೇಳುತ್ತಾರೆ. ಹಣ ಹೋದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆತ್ತಲೆ ಚಿತ್ರ ಹರಡುವ ಭಯವಿದ್ದರೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗಿ, ಸೇರಿಕೊಂಡಿರುವ ಜಾಲತಾಣಗಳಲ್ಲಿ ಆ ಚಿತ್ರವನ್ನು ತಡೆಯಲು ನೆರವಾಗುತ್ತದೆ.

ಕಾನೂನಿನಲ್ಲಿ ಒಂದು ದೊಡ್ಡ ಬಿರುಕಿದೆ. 377ನೇ ಸೆಕ್ಷನ್ನಿನಲ್ಲಿ ಸಮ್ಮತಿಯಿಲ್ಲದ ಕೃತ್ಯ 2018ರ ನಂತರವೂ ಅಪರಾಧವಾಗಿಯೇ ಉಳಿದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ, ಅತ್ಯಾಚಾರದ ಸೆಕ್ಷನ್ ಸಂತ್ರಸ್ತೆ ಹೆಣ್ಣಾದರೆ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ವಯಸ್ಕ ಹುಡುಗನ ಮೇಲೆ ಲೈಂಗಿಕ ದೌರ್ಜನ್ಯವಾದರೆ ಪೊಲೀಸರು ಗಾಯ, ಬಂಧನ, ಬೆದರಿಕೆಯ ಸೆಕ್ಷನ್‌ಗಳನ್ನೇ ಹಾಕಬೇಕಾದ ಸ್ಥಿತಿ. ಇದು ಅನ್ಯಾಯ, ಸಂಸತ್ತು ಸರಿಪಡಿಸಬೇಕಾದ ಅನ್ಯಾಯ. ಸದ್ಯಕ್ಕೆ ಮಾಡಬಹುದಾದ್ದು ಇಷ್ಟು: ವೈದ್ಯಕೀಯ ಪರೀಕ್ಷೆ ಆದಷ್ಟು ಬೇಗ ಮಾಡಿಸಬೇಕು, ಆಗ ಗಾಯದ ಸೆಕ್ಷನ್ ಆದರೂ ಗಟ್ಟಿಯಾಗಿ ನಿಲ್ಲುತ್ತದೆ.

ಕಾಲೇಜಿನ ಕೌನ್ಸೆಲರ್ ಬಳಿಗೆ ಕಳಿಸುವುದು ಬಹಳ ಕಡೆ ಮೊದಲ ‘ಪರಿಹಾರ’. ಒಳ್ಳೆಯ ಕೌನ್ಸೆಲರ್ ಜೀವ ಉಳಿಸುತ್ತಾರೆ. ಆದರೆ ‘ಸರಿ ಮಾಡಿಸೋಣ’ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಮನೆಬಿಟ್ಟು ಬಂದ ಇಬ್ಬರು ಯುವತಿಯರ ಪ್ರಕರಣದಲ್ಲಿ ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ನಿಷೇಧಿಸಲು ಹೇಳಿದರು. ತೀರ್ಪು ಬರೆಯುವ ಮೊದಲು ವಿಷಯ ತಿಳಿಯಲೆಂದು ಅವರೇ ಮನಶ್ಶಾಸ್ತ್ರಜ್ಞರ ಬಳಿ ಕೂತು ಕಲಿತಿದ್ದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಎಂದು ಎಲ್ಲ ರಾಜ್ಯಗಳ ಪರಿಷತ್ತಿಗೂ ತಿಳಿಸಿತು. ನಮ್ಮಲ್ಲಿ ಯಾವ ವೈದ್ಯರಾದರೂ ಈ ಹೆಸರಿನಲ್ಲಿ ಮಾತ್ರೆ, ಶಾಕ್ ಕೊಟ್ಟರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ. ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ 14416 ಯಾವ ಹೊತ್ತಿನಲ್ಲೂ ಸಿಗುತ್ತದೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಅಪಾಯಕ್ಕೆ ಮೊದಲೇ ಸಿದ್ಧರಿರಬೇಕು: ಮನೆಯವರು ಬಂದು ಕರೆದೊಯ್ದು ಕೂಡಿಹಾಕುವುದು. ಅನುಮಾನ ಬಂದಾಗಲೇ ಒಂದು ಪತ್ರ ಬರೆದು ಸಹಿ ಮಾಡಿ ಗೆಳತಿಯ ಬಳಿಯೂ ವಕೀಲರ ಬಳಿಯೂ ಇಡುವುದು ಒಳ್ಳೆಯದು: ನನಗೆ 18 ತುಂಬಿದೆ, ಓದು ಮುಂದುವರಿಸುವ ಇಚ್ಛೆ ನನ್ನದು, ನನ್ನನ್ನು ಸಂಪರ್ಕಿಸಲು ಆಗದಿದ್ದರೆ ನನ್ನ ಇಚ್ಛೆಗೆ ವಿರುದ್ಧವಾಗಿ ಹಿಡಿದಿಟ್ಟಿದ್ದಾರೆಂದು ತಿಳಿಯಿರಿ. ವಯಸ್ಸಿನ ದಾಖಲೆಯ ಪ್ರತಿ ಜೊತೆಗಿರಲಿ. ಈ ಪತ್ರದ ಆಧಾರದ ಮೇಲೆ ಗೆಳತಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ಹಾಜರುಪಡಿಸಲು ಕೇಳುವ ಅರ್ಜಿ, ಹಾಕಬಹುದು. ಇಂಥ ಅರ್ಜಿಗಳನ್ನು ಹೇಗೆ ನಡೆಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು, ಕೇರಳದ ಪ್ರಕರಣವೊಂದರಲ್ಲಿ, ಎಲ್ಲ ಹೈಕೋರ್ಟ್‌ಗಳಿಗೂ ಮಾರ್ಗಸೂಚಿ ಕೊಟ್ಟಿದೆ. ನ್ಯಾಯಾಧೀಶರು ಆಕೆಯೊಂದಿಗೆ ನೇರವಾಗಿ ಮಾತಾಡಬೇಕು, ಮನೆಯವರ ಒತ್ತಡವಿಲ್ಲದ ಜಾಗದಲ್ಲಿ ಆಕೆಯ ಇಚ್ಛೆ ಕೇಳಬೇಕು, ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ಬದಲಿಸುವ ಪ್ರಯತ್ನ ಕೂಡದು. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಬೆಂಗಳೂರಿನಲ್ಲಿ 1999ರಿಂದ ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡಿಕೊಂಡು ಬಂದಿರುವ ಸಂಗಮದಂಥ ಸಂಸ್ಥೆಗಳಿಗೂ ಇಂಥ ಪ್ರಕರಣಗಳ ಅನುಭವವಿದೆ.